26 ದಿನದಲ್ಲಿ ಎದ್ದು ನಿಂತ ಓಕ್ಲೆಂಡ್ ಫ್ಲೈಓವರ್

ಮುಚ್ಚಿದ್ದ ಬೆಂಗಳೂರಿನ ಪೀಣ್ಯ ಫ್ಲೈಓವರ್ ಲಾರಿ, ಬಸ್ಸಿಗೆ ಮತ್ತೆ ತೆರೆಯೋಕೆ ಎರಡೂವರೆ ವರ್ಷ ಬೇಕಾಯಿತು, ಅಮೆರಿಕದಲ್ಲಿ ಕುಸಿದ ಫ್ಲೈಓವರನ್ನು 26 ದಿನದಲ್ಲಿ ಕಟ್ಟಿದರಂತೆ, ಹೇಗೆ ಅಂತ ಕೇಳಿದ್ದೀರಿ. ಅದು ನಡೆದದ್ದು ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ. ಆಗ ನಾನು ಅದರ ಹತ್ತಿರವೇ ಸೇತುವೆ ವಿನ್ಯಾಸದ ಕೆಲಸದಲ್ಲಿದ್ದೆ. ಆ ಕಾಮಗಾರಿ ನನ್ನದಲ್ಲ, ಆದರೆ ಓಡಾಡುವ ದಾರಿ ಅದೇ.

2007ರ ಏಪ್ರಿಲ್ 29, ಭಾನುವಾರ ನಸುಕು. ಸುಮಾರು 32 ಸಾವಿರ ಲೀಟರ್ ಪೆಟ್ರೋಲ್ ತುಂಬಿದ್ದ ಟ್ಯಾಂಕರ್, ರಸ್ತೆಗಳು ಒಂದರ ಮೇಲೊಂದು ಹಾಯುವ ಮಕಾರ್ಥರ್ ಮೇಜ್ ಜಂಕ್ಷನ್ನಿನ ಕೆಳಗಿನ ರಸ್ತೆಯಲ್ಲಿ ಮಗುಚಿ ಹೊತ್ತಿಕೊಂಡಿತು. ಉಕ್ಕು ಕರಗಲೇಬೇಕೆಂದಿಲ್ಲ. 600 ಡಿಗ್ರಿ ಹತ್ತಿರ ಕಾದರೆ ಅರ್ಧ ಬಲ ಹೋಗುತ್ತದೆ. ಮೇಲಿನ ರಸ್ತೆ ಒದ್ದೆ ಪಂಚೆ ಹರವಿದ ಹಾಗೆ ಕಂಬಗಳ ಮೇಲಿಂದ ಜೋತುಬಿದ್ದು ಕೆಳಗಿನ ರಸ್ತೆಯ ಮೇಲೆ ಕೂತಿತ್ತು. ಚಾಲಕ ಸುಟ್ಟಗಾಯಗಳೊಂದಿಗೆ ಬದುಕಿದ.

ಕೆಳಗಿನ ರಸ್ತೆಯ ಬಾಗಿದ ತೊಲೆಗಳನ್ನು ಕಾಯಿಸಿ ನೆಟ್ಟಗೆ ಮಾಡಿ ಮೇ 7ಕ್ಕೇ ವಾಹನ ಬಿಟ್ಟರು. ಮೇಲಿನದರ ಟೆಂಡರ್ ತೆರೆದದ್ದೂ ಅದೇ ದಿನ. ಗಡುವು ಜೂನ್ 27. ಅದಕ್ಕಿಂತ ಮುಂಚೆ ಮುಗಿಸಿದ ಪ್ರತಿ ದಿನಕ್ಕೆ 2 ಲಕ್ಷ ಡಾಲರ್ ಬೋನಸ್, ಮಿತಿ 50 ಲಕ್ಷ. ಸಿ.ಸಿ. ಮೈಯರ್ಸ್ ಕಂಪನಿ ಕೇವಲ 8,67,075 ಡಾಲರಿಗೆ ಕೆಲಸ ಹಿಡಿಯಿತು, ಅಂದರೆ ಅವರ ಲೆಕ್ಕ ಪೂರಾ ಬೋನಸ್ಸಿನ ಮೇಲೆ. ಮೇ 24ಕ್ಕೆ ರಸ್ತೆ ತೆರೆಯಿತು, 50 ಲಕ್ಷವೂ ಸಿಕ್ಕಿತು.

ಜನ ಬೋನಸ್ ಮಾತ್ರ ನೆನಪಿಟ್ಟುಕೊಂಡಿದ್ದಾರೆ. ನನ್ನನ್ನು ಬೆರಗುಗೊಳಿಸಿದ್ದು ಕಾಗದದ ಓಟ. ಉಕ್ಕಿನ ತೊಲೆಗಳು ತಯಾರಾಗುತ್ತಿದ್ದದ್ದು ಅರಿಜೋನಾದಲ್ಲಿ. ಕ್ಯಾಲಿಫೋರ್ನಿಯಾದ ಸಾರಿಗೆ ಇಲಾಖೆ ತನ್ನ ಇನ್ಸ್‌ಪೆಕ್ಟರುಗಳನ್ನು ಆ ಕಾರ್ಖಾನೆಯಲ್ಲೇ ಕೂರಿಸಿತು. ವೆಲ್ಡಿಂಗ್ ಪರೀಕ್ಷೆ ಒಂದೂ ಬಿಡಲಿಲ್ಲ, ಆದರೆ ಒಪ್ಪಿಗೆ ಅಲ್ಲೇ ನಿಂತು ಕೊಟ್ಟರು. ನಾನು ಕಂಡ ಮಾಮೂಲಿ ಕೆಲಸಗಳಲ್ಲಿ ಒಂದು ಡ್ರಾಯಿಂಗ್ ಹೋಗಿ ತಿದ್ದುಪಡಿಯಾಗಿ ಬರೋಕೆ ವಾರಗಳೇ ಬೇಕು. ಸಿಮೆಂಟು, ಉಕ್ಕಿಗಿಂತ ಕಾಯುವುದರಲ್ಲೇ ಹೆಚ್ಚು ದಿನ ಹೋಗುತ್ತದೆ.

ಆದರೂ ಪೀಣ್ಯದ ಜೊತೆ ನೇರ ಹೋಲಿಕೆ ನ್ಯಾಯವಲ್ಲ. ಓಕ್ಲೆಂಡಿನಲ್ಲಿ ಹಾಳಾದದ್ದು ಕಣ್ಣೆದುರೇ ಇತ್ತು. ಪೀಣ್ಯದಲ್ಲಿ ತುಕ್ಕು ಹಿಡಿದದ್ದು ಕಾಂಕ್ರೀಟಿನ ಒಳಗೆ ಅದನ್ನು ಬಿಗಿದು ಹಿಡಿಯುವ ಉಕ್ಕಿನ ಕೇಬಲ್. 120 ಸ್ಪ್ಯಾನ್ (ಎರಡು ಕಂಬಗಳ ನಡುವಿನ ಭಾಗ), ಒಂದೊಂದಕ್ಕೆ ಎರಡರಂತೆ 240 ಹೊಸ ಕೇಬಲ್ ತೂರಿಸಿ, ಬಿಗಿದು, ಭಾರ ಹೇರಿ ಪರೀಕ್ಷಿಸಿದ ಮೇಲಷ್ಟೇ 2024ರ ಜುಲೈನಲ್ಲಿ ಲಾರಿ ಬಿಟ್ಟರು. ಆ ಪರೀಕ್ಷೆಯಲ್ಲಿ ಅವಸರ ಮಾಡಿದ್ದರೆ ನಾನೇ ಆ ರಸ್ತೆ ಹತ್ತುತ್ತಿರಲಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮಾಹಿತಿ ಹಕ್ಕಿನಡಿ ಪೀಣ್ಯದ ಬಗ್ಗೆ ಎರಡೇ ತಾರೀಕು ಕೇಳುತ್ತಿದ್ದೆ: ತಜ್ಞರ ವರದಿ ಕೈಸೇರಿದ್ದು ಯಾವಾಗ, ಕೆಲಸಕ್ಕೆ ಆದೇಶ ಹೊರಟದ್ದು ಯಾವಾಗ.