ಜಾಗೃತಿ ಆಮೇಲೆ, ಮೊದಲು ಸಂಜೆ ಬಸ್ ನೋಡಿ

ಏಳನೇ ಕ್ಲಾಸ್ ಮುಗಿದ ಮೇಲೆ ನಿಮ್ಮೂರಿನ ಹುಡುಗಿಯರನ್ನು ಹೈಸ್ಕೂಲಿಗೆ ಕಳಿಸುತ್ತಿಲ್ಲ, ಪೋಷಕರಲ್ಲಿ ಜಾಗೃತಿ ಮೂಡಿಸೋದು ಹೇಗೆ ಅಂತ ಕೇಳಿದ್ದೀರಿ. ಜಾಥಾ, ಬೀದಿನಾಟಕ ಮಾಡೋ ಯೋಚನೆ ಇದೆ ಅಂತಲೂ ಬರೆದಿದ್ದೀರಿ. ಓದಿ ಎದೆ ಧಸಕ್ ಅಂತು. 2012ರಲ್ಲಿ ನಾನು ಇದೇ ಪ್ರಶ್ನೆ ಹಿಡಿದು ಊರೆಲ್ಲ ತಿರುಗಿದವಳು.

ಆಗ ಡಿಎಡ್ ಮುಗಿಸಿ, ರಾಯಚೂರು ಜಿಲ್ಲೆಯ ನಮ್ಮ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲೇ ಅತಿಥಿ ಶಿಕ್ಷಕಿಯಾಗಿದ್ದೆ. ಹೈಸ್ಕೂಲು ಇದ್ದದ್ದು ಎಂಟು ಕಿಲೋಮೀಟರ್ ದೂರದ ಹೋಬಳಿ ಊರಲ್ಲಿ. ಆ ವರ್ಷ ಏಳನೇ ಕ್ಲಾಸ್ ಪಾಸಾದ ಹುಡುಗಿಯರು ಐದು ಜನ. ಐದೂ ಜನ ಮನೆಯಲ್ಲೇ ಉಳಿಯುವವರಿದ್ದರು. ಬೇಸಿಗೆ ರಜೆಯಲ್ಲಿ ಜಾಥಾ ಮಾಡಿಸಿದೆ. ‘ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ’ ಅಂತ ಗೋಡೆಗೆ ಬರೆಸಿದೆ. ಬ್ಯಾಗು, ಕಂಪಾಸ್ ಪೆಟ್ಟಿಗೆಗೆ ಅಂತ ಚಂದಾ ಎತ್ತಿದೆ. ಮನೆ ಮನೆಗೆ ಹೋಗಿ ಕೂತೆ. ಕೊನೆಗೆ ಐದೂ ಮನೆಯವರು ಒಪ್ಪಿದರು. ನಾನೇ ಟಿಸಿ ತೆಗೆಸಿ, ನಾನೇ ಕರೆದುಕೊಂಡು ಹೋಗಿ ಎಂಟನೇ ಕ್ಲಾಸಿಗೆ ಸೇರಿಸಿ ಬಂದೆ.

ಅಲ್ಲಿ ನಾನು ಒಂದು ತಪ್ಪು ಮಾಡಿದೆ. ಅದನ್ನು ಬಿಡಿಸಿ ಹೇಳಬೇಕು, ಯಾಕಂದ್ರೆ ನಿಮ್ಮ ಯೋಚನೆಯಲ್ಲೂ ಅದು ಕಾಣುತ್ತಿದೆ.

ಏನೇನು ಬೇಕು ಅಂತ ನಾನೊಂದು ನೋಟ್‌ಬುಕ್ ಇಟ್ಟಿದ್ದೆ. ಅದರಲ್ಲಿ ‘ಬಸ್ ಇದೆ’ ಅಂತ ಒಂದೇ ಸಾಲು. ಬೆಳಿಗ್ಗೆ ಎಂಟೂ ಮುಕ್ಕಾಲಿನ ಬಸ್ಸಿನಲ್ಲಿ ನಾನೇ ಹುಡುಗಿಯರ ಜೊತೆ ಹೋಗಿ ನೋಡಿದ್ದೆ. ಸಂಜೆಯ ಬಸ್ ನೋಡಲಿಲ್ಲ. ಸಂಜೆಯೂ ಇದೆ ಅಂತ ಗೊತ್ತಿತ್ತು, ಅಷ್ಟೇ. ನಾನು ಹೈಸ್ಕೂಲ್ ಓದಿದ್ದು ರಾಯಚೂರಲ್ಲಿ, ಸೋದರಮಾವನ ಮನೆಯಲ್ಲಿದ್ದುಕೊಂಡು. ಆ ಬಸ್ಸಿಗೆ ಒಂದು ದಿನವೂ ಕಾದವಳಲ್ಲ. ಒಬ್ಬಳ ಅಪ್ಪ ಬಾಯಿಬಿಟ್ಟು ಕೇಳಿದ್ದರು: “ಸಂಜೀಕ ಹ್ಯಾಂಗ್ರಿ ಅಕ್ಕೋರೆ?” ನಾನು “ಸಂಜೀಕೂ ಬಸ್ ಅದ, ನಾ ಇದ್ದೀನಿ” ಅಂದೆ. ಸುಳ್ಳೇನಲ್ಲ. ಶಾಲೆ ಬಿಡುತ್ತಿದ್ದದ್ದು ನಾಲ್ಕೂವರೆಗೆ, ಬಸ್ ಹೊರಡುತ್ತಿದ್ದದ್ದು ಆರೂವರೆಗೆ. ನಡುವಿನ ಆ ಎರಡು ಗಂಟೆ ಹುಡುಗಿಯರು ಎಲ್ಲಿರಬೇಕು, ಯಾರ ಕಣ್ಣೆದುರು ಕೂರಬೇಕು, ಒಂದಕ್ಕೆ ಎಲ್ಲಿ ಹೋಗಬೇಕು ಅಂತ ನಾನು ಕೇಳಿಕೊಳ್ಳಲೇ ಇಲ್ಲ. ಅಪ್ಪ ಕೇಳಿದ್ದು ಅದನ್ನೇ. ನನಗೆ ಅದು ಅನುಮಾನದ ಮಾತಾಗಿ ಕೇಳಿಸಿತು, ಸಮಾಧಾನ ಮಾಡಿ ಕಳಿಸಿದೆ.

ಗುರುತು ಕಣ್ಣೆದುರೇ ಇತ್ತು. ಸಂಜೆ ಊರಿಗೆ ಬಂದ ಹುಡುಗಿಯರು ಬೋರಿನ ಹತ್ತಿರ ನಿಂತು ನೀರಿನ ಬಾಟಲಿ ಖಾಲಿ ಮಾಡುತ್ತಿದ್ದರು. ಬೆಳಿಗ್ಗೆ ತುಂಬಿಕೊಂಡು ಹೋದ ನೀರು ಹಾಗೇ ವಾಪಸ್ ಬರುತ್ತಿತ್ತು. ಹೈಸ್ಕೂಲಲ್ಲಿ ಒಳ್ಳೆ ನೀರಿರಬೇಕು ಅಂದುಕೊಂಡೆ. ಬಸ್‌ಸ್ಟ್ಯಾಂಡಲ್ಲಿ ಶೌಚಾಲಯಕ್ಕೆ ಬೀಗ. ಅದಕ್ಕೇ ಮಧ್ಯಾಹ್ನದಿಂದ ಒಂದು ಗುಟುಕೂ ಕುಡಿಯುತ್ತಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಗಣೇಶ ಹಬ್ಬ ಮುಗಿದ ವಾರ ಒಂದು ಸಂಜೆ ಬಸ್ ದಾರಿಯಲ್ಲೇ ಕೆಟ್ಟು ನಿಂತಿತು. ಮಳೆ ಬೇರೆ. ಕಾದು ಕಾದು ಐದೂ ಜನ ನಡೆದೇ ಹೊರಟರು. ಬ್ಯಾಟರಿ ಹಿಡಿದು ಗಂಡಸರು ಹುಡುಕಿಕೊಂಡು ಹೋದಾಗ ಹಳ್ಳದ ಈಚೆ ಸಿಕ್ಕರು. ಮನೆ ಸೇರಿದಾಗ ರಾತ್ರಿ ಒಂಬತ್ತು. ಯಾರಿಗೂ ಏನೂ ಆಗಿರಲಿಲ್ಲ. ಆದರೆ ಊರ ಬಾಯಿಗೆ ಅಷ್ಟು ಸಾಕಿತ್ತು. ಮರುದಿನ ಒಬ್ಬಳೂ ಬಸ್ ಹತ್ತಲಿಲ್ಲ. ನಾನು ಒಂದು ಮನೆಗೆ ಹೋದಾಗ ಅಜ್ಜಿ ಕಟ್ಟೆ ಮೇಲೆ ಕೂತಿದ್ದರು. “ಮುಂಜಾನಿ ಬಸ್ ಹತ್ಸಾಕ ಬರ್ತಿ. ಸಂಜೀಕ ಇಳಿಸ್ಕೊಳ್ಳಾಕ ಯಾರ್ ಬರ್ತಾರ?” ಅಂದರು. ಬೈಯಲಿಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಕ್ಟೋಬರಲ್ಲಿ ಆ ಮನೆಯ ಹುಡುಗಿಯನ್ನು ಹತ್ತಿ ಹೊಲದಲ್ಲಿ ನೋಡಿದೆ. ನಮ್ಮ ಕಡೆ ಬೀಜದ ಹತ್ತಿ ಬೆಳೆಯುತ್ತಾರೆ, ಆ ಕೆಲಸಕ್ಕೆ ಕ್ರಾಸಿಂಗ್ ಅಂತೀವಿ. ನಾಳೆ ಅರಳುವ ಮೊಗ್ಗನ್ನು ಇಂದು ಹುಡುಕಿ, ಹೆಬ್ಬೆರಳಿನ ಉಗುರಿನಿಂದ ಸುತ್ತ ಸೀಳಿ, ದಳ ಮತ್ತು ಕೇಸರ ತೆಗೆಯಬೇಕು. ಮರುದಿನ ಬೆಳಿಗ್ಗೆ ಗಂಡು ಹೂವು ತಂದು ಅದಕ್ಕೆ ಸವರಬೇಕು. ಇದಕ್ಕೆ ಸಣ್ಣ ಬೆರಳೇ ಬೇಕು ಅಂತ ಹುಡುಗಿಯರನ್ನು ಕರೆಯುತ್ತಾರೆ. ಅವಳ ಉಗುರಿನ ಸಂದಿ ಕಪ್ಪಾಗಿತ್ತು. ನನ್ನನ್ನು ನೋಡಿ, ಕೈ ನಿಲ್ಲಿಸದೆ, “ಪಾಠ ಎಲ್ಲಿತನ ಆಗ್ಯಾವ್ರಿ ಅಕ್ಕೋರೆ?” ಅಂತ ಕೇಳಿದಳು. ಮತ್ತೆ ಅವಳು ಶಾಲೆಗೆ ಬರಲೇ ಇಲ್ಲ. ಎರಡು ವರ್ಷದ ಮೇಲೆ ಮದುವೆಯೂ ಆಯಿತು. ನಾನಾಗ ಬೇರೆ ಊರಲ್ಲಿದ್ದೆ, ಗೊತ್ತಾಗುವಷ್ಟರಲ್ಲಿ ಮುಗಿದಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪೋಷಕರಿಗೆ ಜಾಗೃತಿ ಇಲ್ಲ ಅಂತ ಯಾರು ಹೇಳಿದ್ದು? 2011ರ ಜನಗಣತಿಯಲ್ಲಿ ಸಾಕ್ಷರತೆಯಲ್ಲಿ ರಾಜ್ಯಕ್ಕೇ ಕೊನೆ ಯಾದಗಿರಿ, ಅದರ ಮೇಲಿನದು ನಮ್ಮ ರಾಯಚೂರು. ಈ ಅಂಕಿ ನೋಡಿದವರೆಲ್ಲ ನಮ್ಮ ಜನಕ್ಕೆ ಓದಿನ ಬೆಲೆ ಗೊತ್ತಿಲ್ಲ ಅಂತಾರೆ. ಹೆಬ್ಬೆಟ್ಟು ಒತ್ತಿದ ಅಪ್ಪನಿಗೆ ಓದಿನ ಬೆಲೆ ನಮಗಿಂತ ಜಾಸ್ತಿ ಗೊತ್ತು. ಅವರು ಕೇಳೋದು ಒಂದೇ: ಕತ್ತಲಾಗುವ ಮೊದಲು ಮಗಳು ಮನೆಗೆ ಬರ್ತಾಳಾ? ಅದಕ್ಕೆ ಬೀದಿನಾಟಕದಲ್ಲಿ ಉತ್ತರ ಇಲ್ಲ.

ಮುಂದಿನ ವರ್ಷ ಜಾಥಾ ಮಾಡಲಿಲ್ಲ. ಚಂದಾದಲ್ಲಿ ಉಳಿದಿದ್ದ ಹಣಕ್ಕೆ ಇನ್ನಷ್ಟು ಸೇರಿಸಿ ಊರಿನ ಒಂದು ಟಂಟಂ ಆಟೋ ಗೊತ್ತು ಮಾಡಿದೆವು. ಓಡಿಸುವವರ ಮಗಳೂ ಅದೇ ಹೈಸ್ಕೂಲಿಗೆ ಸೇರಿದ್ದಳು, ಅದಕ್ಕೇ ಅವರನ್ನೇ ಹಿಡಿದದ್ದು. ಸಂಜೆ ಮಾತ್ರ ಓಡಿಸಿದರು. ಆ ವರ್ಷ ಏಳು ಜನ ಹೋದರು, ಹಿಂದಿನ ವರ್ಷದ ಐವರಲ್ಲಿ ಇಬ್ಬರು ವಾಪಸ್ ಬಂದರು. ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯರೇ ಎದ್ದು ನಿಂತು ಬಸ್ಸಿನ ಹೊತ್ತು ಬದಲಿಸಿ ಅಂತ ಕೇಳಿದರು. ಅದನ್ನು ನಡಾವಳಿಯಲ್ಲಿ ಬರೆಸಿ, ಅದರ ಪ್ರತಿ, ಶಾಲೆ ಬಿಡುವ ಹೊತ್ತಿನ ಬಗ್ಗೆ ಮುಖ್ಯೋಪಾಧ್ಯಾಯರ ಪತ್ರ, ಅಮ್ಮಂದಿರ ಸಹಿ ಎಲ್ಲ ಸೇರಿಸಿ ಡಿಪೋಗೆ ಕೊಟ್ಟೆವು. ಐದು ತಿಂಗಳು ಅಲೆದ ಮೇಲೆ ಸಂಜೆಯ ಬಸ್ ನಾಲ್ಕೂ ಮುಕ್ಕಾಲಿಗೆ ಬಂತು.

ಸೈಕಲ್ ಬಗ್ಗೆ ನೀವು ಕೇಳಬಹುದು. 2006-07ರಿಂದ ಸರ್ಕಾರ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಡಲು ಶುರು ಮಾಡಿತು, ಒಳ್ಳೆಯದೇ, ಕೋವಿಡ್ ಕಾಲದಲ್ಲಿ ಅದು ನಿಂತಿತು. ಸೈಕಲ್ ಇದ್ದರೂ ಒಬ್ಬಳೇ ಹೋಗುವ ದಾರಿಯಾದರೆ ಅದು ಮನೆಯಲ್ಲಿ ಅಣ್ಣನ ಪಾಲು. ಎಂಟ್ಹತ್ತು ಜನ ಒಟ್ಟಿಗೆ ಹೊರಟರೆ ಮಾತ್ರ ಕೆಲಸಕ್ಕೆ ಬರುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚೂ ಇಲ್ಲ. ಬಡ ಮನೆಗೆ ಅದು ದೊಡ್ಡದು. ಬಸ್ಸಿನ ಹೊತ್ತು ಮಾತ್ರ ನೀವೇ ನೋಡಿಕೊಳ್ಳಬೇಕು. ದಾರಿಯೇ ಇಲ್ಲದಷ್ಟು ದೂರವಾದರೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಕೇಳಿ ನೋಡಿ. 2004ರಲ್ಲಿ ಶುರುವಾದ ವಸತಿ ಶಾಲೆಗಳು, ಆರರಿಂದ ಎಂಟರವರೆಗೆ, ಈಗ ಕೆಲವು ಕಡೆ ಮುಂದಕ್ಕೂ ಇವೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಆರನೇ ಕ್ಲಾಸಿಗೇ ಪ್ರವೇಶ ಪರೀಕ್ಷೆ, ಐದನೇ ಕ್ಲಾಸಲ್ಲೇ ಹೇಳಬೇಕು.

ಟಿಸಿ ಮರೀಬೇಡಿ. ಏಳರಿಂದ ಎಂಟಕ್ಕೆ ಶಾಲೆ ಬದಲಾಗುವ ಕಡೆ, ತೆಗೆದುಕೊಂಡು ಹೋಗುವವರಿಲ್ಲದೆ ಟಿಸಿ ಹಳೇ ಶಾಲೆಯ ಬೀರುವಿನಲ್ಲೇ ಉಳಿಯುತ್ತದೆ, ಹುಡುಗಿ ಮನೆಯಲ್ಲಿ. ಟಿಸಿ ತಡವಾಯ್ತು ಅಂತ ಸೇರಿಸಿಕೊಳ್ಳದೆ ಇರುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಆದರೆ ಆ ಕಾಯ್ದೆ ಹದಿನಾಲ್ಕು ವರ್ಷದವರೆಗೆ ಮಾತ್ರ. ಒಂಬತ್ತನೇ ಕ್ಲಾಸಿನ ಹುಡುಗಿಯನ್ನು ಬಿಡಿಸಿದರೆ ಅದನ್ನು ಹಿಡಿದು ಕೇಳೋಕಾಗಲ್ಲ, ಆಗ ನೀವೇ ಜೊತೆಗಿರಬೇಕು. ಮದುವೆ ಮಾತು ಕಿವಿಗೆ ಬಿದ್ದರೆ ತಡಮಾಡದೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಕಾರ್ಯಕ್ರಮದ ತಾರೀಖು ಗೊತ್ತು ಮಾಡುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಗುಂಪಿನಲ್ಲಿ ಹೆಣ್ಣುಮಕ್ಕಳಿದ್ದರೆ ಅವರಲ್ಲಿ ಒಬ್ಬರು ಒಂದು ವಾರ ಆ ಹೈಸ್ಕೂಲಿನ ಗೇಟಿನಿಂದ ಶಾಲೆ ಬಿಟ್ಟ ಹೊತ್ತಿಗೆ ಹೊರಟು, ಹುಡುಗಿಯರು ಬರಬೇಕಾದ ಹಾಗೇ ಊರಿಗೆ ಬರಲಿ. ಎಷ್ಟು ಹೊತ್ತು ಎಲ್ಲಿ ಕಾದರು, ಮನೆ ಮುಟ್ಟಿದಾಗ ಎಷ್ಟು ಗಂಟೆ ಅಂತ ದಿನಾ ಬರೆದಿಡಿ. ಅದನ್ನು ಇಲ್ಲೇ ಕೆಳಗೆ ಹಾಕಿ. ಡಿಪೋಗೆ ಕೊಡುವ ಅರ್ಜಿ ನಾನು ಬರೆದುಕೊಡ್ತೀನಿ.