ಅಟ್ಟದ ರೀಲು, ಮದುವೆ ಕ್ಯಾಸೆಟ್ಟು: ಹಳೇ ತುಣುಕಿನಿಂದ ಹೊಸ ಚಿತ್ರ

ಪ್ರಶ್ನೆ: ತೋಟದ ಮನೆಯ ಅಟ್ಟದಲ್ಲಿ 1970ರ ದಶಕದ ಆರು ಸೂಪರ್ 8 ರೀಲು (8 ಮಿ.ಮೀ. ಅಗಲದ, ಮನೆಬಳಕೆಯ ಸಿನಿಮಾ ಫಿಲ್ಮು), ಹದಿನಾಲ್ಕು ವಿಎಚ್‌ಎಸ್ ಮದುವೆ ಕ್ಯಾಸೆಟ್ ಸಿಕ್ಕಿವೆ. ಎರಡು ರೀಲು ವಿನಿಗರ್ ವಾಸನೆ ಹೊಡೆಯುತ್ತವೆ. ಕೆಲವು ಕ್ಯಾಸೆಟ್ಟಿನೊಳಗೆ ಬಿಳಿ ಬೂಷ್ಟು. ಇವನ್ನೆಲ್ಲ ಜೋಡಿಸಿ ಒಂದು ಕೊಲಾಜ್ ಚಿತ್ರ ಮಾಡುವಾಸೆ. ಮೊದಲು ಏನು ಮಾಡಲಿ?
— ಓದುಗರು, ಮೂಡಿಗೆರೆ

ಉತ್ತರ: ಮೊದಲು ಯಾವುದನ್ನೂ ಓಡಿಸಿ ನೋಡಬೇಡಿ. ವಾಸನೆಯ ಎರಡು ರೀಲನ್ನು ಇವತ್ತೇ ಬೇರೆ ಕೋಣೆಗೆ ಒಯ್ಯಿರಿ. ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮು ತೇವಕ್ಕೆ ಹಾಳಾಗುತ್ತ ಅಸಿಟಿಕ್ ಆಮ್ಲ ಬಿಡುತ್ತದೆ. ಆ ಆವಿ ಹಾಳನ್ನು ಮತ್ತಷ್ಟು ಜೋರು ಮಾಡಿ ಪಕ್ಕದ ಒಳ್ಳೇ ರೀಲಿಗೂ ಹತ್ತಿಸುತ್ತದೆ. ಬಿಗಿ ಡಬ್ಬಿಯಲ್ಲಿಡಬೇಡಿ, ಗಾಳಿಯಾಡಲಿ. ಇಂಥ ಫಿಲ್ಮು ಕುಗ್ಗಿರುವುದರಿಂದ ಅಂಚಿನ ತೂತು ಪ್ರೊಜೆಕ್ಟರಿನ ಹಲ್ಲಿಗೆ ಕೂರದೆ ಹರಿಯುತ್ತದೆ. ಅದನ್ನು ಸ್ಕ್ಯಾನ್ ಮಾಡಿ ಡಿಜಿಟಲ್ ಫೈಲಾಗಿಸುವವರನ್ನು ಒಂದೇ ಮಾತು ಕೇಳಿ: ಹಲ್ಲುಚಕ್ರವಿಲ್ಲದೆ, ರೋಲರ್ ಮೇಲೆ ಓಡಿಸುವ ಯಂತ್ರ ಇದೆಯೇ?

ಫಿಲ್ಮಿಗೂ ಬೂಷ್ಟು ಹತ್ತಿದ್ದರೆ ಒದ್ದೆ ಬಟ್ಟೆ ಸೋಕಿಸಬೇಡಿ. ಚಿತ್ರವನ್ನು ಹಿಡಿದಿಟ್ಟ ಜೆಲಟಿನ್ ಪದರ ಬೂಷ್ಟು ತಿಂದ ಮೇಲೆ ನೀರಿಗೆ ಕರಗುತ್ತದೆ, ಚಿತ್ರವೇ ಬಟ್ಟೆಗೆ ಬಂದುಬಿಡುತ್ತದೆ. 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್, ನೂಲು ಬಿಡದ ಬಟ್ಟೆ ಸಾಕು. ಮೊದಲು ರೀಲಿನ ತುದಿಯ ಖಾಲಿ ಫಿಲ್ಮಿನ ಮೇಲೆ ಪರೀಕ್ಷಿಸಿ.

ಉಳಿದ ನಾಲ್ಕು ರೀಲು ನೆಟ್ಟಗಿದ್ದರೆ ಪ್ರೊಜೆಕ್ಟರಿನಿಂದ ಗೋಡೆಗೆ ಬಿಟ್ಟು ಕ್ಯಾಮೆರಾದಲ್ಲಿ ಹಿಡಿಯಬಹುದು, ಆದರೆ ಚಿತ್ರ ಮಿಣುಕುತ್ತದೆ. ಪ್ರೊಜೆಕ್ಟರಿಗೆ ಮೂರಲಗಿನ ಶಟರ್ (ಒಂದೊಂದು ಫ್ರೇಮನ್ನೂ ಮೂರು ಸಲ ಮಿಂಚಿಸುವ ತಿರುಗು ತಟ್ಟೆ), ವೇಗ ತಿರುಗಿಸುವ ಗುಂಡಿ ಎರಡೂ ಇದ್ದರೆ ಸೆಕೆಂಡಿಗೆ 16⅔ ಫ್ರೇಮಿಗೆ ತನ್ನಿ: ಸೆಕೆಂಡಿಗೆ 50 ಮಿಂಚು ಬೀಳುತ್ತದೆ. ಕ್ಯಾಮೆರಾ 25 ಫ್ರೇಮು, ಶಟರ್ 1/50 ಇಟ್ಟರೆ ಮಿಣುಕು ಬಹುಪಾಲು ನಿಲ್ಲುತ್ತದೆ. ಮೊಬೈಲಿನ ಆಟೊ ಮೋಡ್ ಇದಕ್ಕೆ ಬಾರದು.

ಬೂಷ್ಟಿನ ಕ್ಯಾಸೆಟ್ಟನ್ನು ಒಳ್ಳೇ ವಿಸಿಆರ್‌ಗೆ (ಕ್ಯಾಸೆಟ್ ಓಡಿಸುವ ಯಂತ್ರ) ಹಾಕಿದಿರೋ, ಆ ಪುಡಿ ಟೇಪು ಓದುವ ಹೆಡ್ಡಿಗೆ ಮೆತ್ತಿ ಮುಂದಿನ ಹದಿಮೂರಕ್ಕೂ ಹಂಚಿಕೆಯಾಗುತ್ತದೆ. ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಒಂದೆರಡು ವಾರ ಒಣಗಿಸಿ. ಬೂಷ್ಟು ಒಣಗಿ ಪುಡಿಯಾದ ಮೇಲೆ ಮಾಸ್ಕ್ ಕಟ್ಟಿಕೊಂಡು, ಅಂಗಳದಲ್ಲಿ ಕೂತು, ತಳದ ಐದು ಸ್ಕ್ರೂ ಬಿಚ್ಚಿ ಮೆತ್ತಗಿನ ಬ್ರಶ್ಶಿನಿಂದ ಉದುರಿಸಿ. ಮೂಡಿಗೆರೆಯ ಆಷಾಢದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು. ಆಮೇಲೂ, ಹಾಳಾದರೂ ಪರವಾಗಿಲ್ಲ ಎನ್ನುವಂಥ ಹಳೇ ವಿಸಿಆರ್‌ನಲ್ಲಿ ಒಮ್ಮೆ ಪೂರ್ತಿ ಮುಂದಕ್ಕೆ, ಹಿಂದಕ್ಕೆ ಸುತ್ತಿಸಿದ ಬಳಿಕವೇ ನಕಲು ಮಾಡಬೇಕು. ನಕಲು ಲಾಸ್‌ಲೆಸ್, ಅಂದರೆ ಚಿತ್ರದ ಮಾಹಿತಿ ಚೂರೂ ಕಳೆಯದಂಥದ್ದು, ಆಗಿರಲಿ. ಗಂಟೆಗೆ 30–40 ಜಿಬಿ ಬೇಕಾದೀತು.

ಪ್ರಶ್ನೆ: ಸೂಪರ್ 8 ತುಣುಕು ಎಡಿಟಿಂಗ್ ಸಾಫ್ಟ್‌ವೇರಿನ ಟೈಮ್‌ಲೈನಿನಲ್ಲಿ ಚಾರ್ಲಿ ಚಾಪ್ಲಿನ್ ಓಟ ಓಡುತ್ತದೆ. ಕ್ಯಾಸೆಟ್ಟಿನ ಚಿತ್ರದಲ್ಲಿ ಕೈ ಬೀಸಿದರೆ ಬಾಚಣಿಗೆ ಹಲ್ಲಿನಂಥ ಗೆರೆ, ಮುಖಗಳೂ ಅಗಲ. ತಪ್ಪೆಲ್ಲಿ?
— ಫಿಲ್ಮ್ ಕ್ಲಬ್ ವಿದ್ಯಾರ್ಥಿಗಳು, ಹಾಸನ

ಉತ್ತರ: ಮೂರು ಬೇರೆ ಬೇರೆ ತಪ್ಪು. ಓಟಕ್ಕೆ ಕಾರಣ ವೇಗ. 50 ಅಡಿ ಸೂಪರ್ 8 ಅಂದರೆ 3600 ಫ್ರೇಮು. ಸೆಕೆಂಡಿಗೆ 18ರಂತೆ 3 ನಿಮಿಷ 20 ಸೆಕೆಂಡು. ಸ್ಕ್ಯಾನನ್ನು ಹಾಗೇ 25ರಲ್ಲಿ ಓಡಿಸಿದರೆ 2 ನಿಮಿಷ 24 ಸೆಕೆಂಡಿಗೆ ಮುಗಿಯುತ್ತದೆ. ಫೈಲಿನ ವೇಗ 18 ಎಂದು ಸಾಫ್ಟ್‌ವೇರಿಗೆ ತಿಳಿಸಿ ಆಮೇಲೆ 25ರ ಟೈಮ್‌ಲೈನಿಗೆ ಇಳಿಸಿ. ಫ್ರೇಮ್ ಬ್ಲೆಂಡಿಂಗ್ (ಅಕ್ಕಪಕ್ಕದ ಫ್ರೇಮು ಬೆರೆಸುವುದು) ಬೇಡ. ಒಂದರ ಮೇಲೊಂದು ದೆವ್ವದ ನೆರಳು ಬರುತ್ತದೆ. ಬರೀ ಫ್ರೇಮ್ ಮರುಕಳಿಸಲಿ.

ಬಾಚಣಿಗೆ ಗೆರೆ ಇಂಟರ್‌ಲೇಸಿಂಗ್. ನಮ್ಮ ಟಿವಿಯ ಪಾಲ್ (PAL) ಪದ್ಧತಿಯ ವಿಎಚ್‌ಎಸ್‌ನಲ್ಲಿ ಸೆಕೆಂಡಿಗೆ 50 ಅರೆಚಿತ್ರ (ಫೀಲ್ಡ್), ಒಂದರಲ್ಲಿ ಬೆಸ ಸಾಲು, ಮುಂದಿನದರಲ್ಲಿ ಸಮ ಸಾಲು. ಅವನ್ನು 50 ಪೂರ್ಣ ಫ್ರೇಮಿಗೆ ಡಿಇಂಟರ್‌ಲೇಸ್ ಮಾಡಿ, ಬೇಕಾದಲ್ಲಿ 25ಕ್ಕೆ ಇಳಿಸಿ. ಆಮೇಲೂ ಚಲನೆ ಹಿಂದೆ ಮುಂದೆ ಜಗ್ಗಿದರೆ ಫೀಲ್ಡ್ ಕ್ರಮ ತಲೆಕೆಳಗಾಗಿದೆ, ಬದಲಿಸಿ. ಅಗಲ ಮುಖಕ್ಕೆ ಕಾರಣ 4:3 ಚಿತ್ರವನ್ನು 16:9ಕ್ಕೆ ಎಳೆದಿರುವುದು. ಚಿತ್ರವನ್ನು 1440×1080 ಪಿಕ್ಸೆಲ್ ಇಟ್ಟು ಎರಡೂ ಬದಿ ಕಪ್ಪು ಬಿಡಿ.

ಪ್ರಶ್ನೆ: ತುಣುಕುಗಳನ್ನು ಒಂದರ ಹಿಂದೊಂದು ಇಟ್ಟು ಹಿಂದೆ ಹಾಡು ಹಾಕಿದರೆ ಅದು ಕುಟುಂಬದ ಆಲ್ಬಮ್ ಆಗುತ್ತಿದೆಯೇ ಹೊರತು ಚಿತ್ರ ಆಗುತ್ತಿಲ್ಲ.
— ಓದುಗರು, ಚಿಕ್ಕಮಗಳೂರು

ಉತ್ತರ: ಹಾಡು ತೆಗೆದುಬಿಡಿ. ಅದು ಕೆಟ್ಟ ಜೋಡಣೆಗಳಿಗೆಲ್ಲ ಅಂಟು ಹಚ್ಚುತ್ತದೆ, ತಪ್ಪು ಕಾಣಿಸದು. ಮೊದಲ ಎಡಿಟ್ ಮೂಕವಾಗಿರಲಿ.

ಪಟ್ಟಿ ಮಾಡುವಾಗ ‘ಚಿಕ್ಕಪ್ಪನ ಮದುವೆ’ ಎಂದು ಬರೆದರೆ ಚಿಕ್ಕಪ್ಪನೇ ಉಳಿಯುತ್ತಾರೆ. ಒಂದೊಂದು ಶಾಟಿಗೂ ಒಂದೊಂದು ಚೀಟಿ ಮಾಡಿ, ಚಲನೆಯನ್ನು ಬರೆಯಿರಿ: ಸುರಿಯುವುದು, ತಿರುಗಿ ನೋಡುವುದು, ಎಡದಿಂದ ಬಲಕ್ಕೆ ಹೋಗುವುದು, ಜೊತೆಗೆ ಹತ್ತಿರದ್ದೋ ದೂರದ್ದೋ. ಚೀಟಿಗಳನ್ನು ನೆಲದ ಮೇಲೆ ಹರಡಿ. ಅಕ್ಷತೆ ಬೀಳುವುದರ ಪಕ್ಕಕ್ಕೆ ಕಣದಲ್ಲಿ ಕಾಫಿ ಹಣ್ಣು ಸುರಿಯುವುದು ತಾನಾಗಿ ಬರುತ್ತದೆ. ಧಾರೆಯ ನೀರಿನ ಪಕ್ಕಕ್ಕೆ ಗೊರೂರು ಅಣೆಕಟ್ಟೆಯ ಗೇಟು. ಚಲನೆ ಮುಗಿದ ಮೇಲೆ ಕತ್ತರಿಸಿದರೆ ಎರಡು ಬಿಡಿ ಚಿತ್ರ. ಬೀಳುತ್ತಿರುವ ಮಧ್ಯದಲ್ಲೇ ಕತ್ತರಿಸಿ, ಅದೇ ದಿಕ್ಕು, ಹೆಚ್ಚುಕಮ್ಮಿ ಅದೇ ವೇಗದಲ್ಲಿ ಮುಂದಿನದನ್ನು ಹಿಡಿದರೆ ಒಂದೇ ಬೀಳುವಿಕೆ. ಆದರೆ ಇಂಥ ಜೋಡಿ ಸತತ ಮೂರು ಬಂದರೆ ಬರೀ ಚಮತ್ಕಾರ ಅನ್ನಿಸಿಬಿಡುತ್ತದೆ. ನಡುವೆ ಏನೂ ಆಗದ ಉದ್ದನೆಯ ಒಂದು ಶಾಟ್ ಬಿಡಿ. ಉದಾಹರಣೆಗೆ, ಕ್ಯಾಮೆರಾ ನೋಡಿ ನಾಚುತ್ತ ಕೂತ ಹೆಂಗಸರ ಸಾಲು.

ಮದುವೆ ಕ್ಯಾಸೆಟ್ಟಿನ ಹೃದಯದಾಕಾರದ ಚೌಕಟ್ಟು, ನಕ್ಷತ್ರದಾಕಾರದಲ್ಲಿ ಚಿತ್ರ ಬದಲಾಗುವ ವೈಪ್, ರೀಲಿನ ಗೀರು ಇವನ್ನೆಲ್ಲ ತೊಳೆಯಬೇಡಿ. ಯಾವ ತುಣುಕು ಯಾವ ಕಾಲದ್ದೆಂದು ಹೇಳುವುದು ಅವೇ. ಎಐ ಹಾಕಿ ಎಲ್ಲವನ್ನೂ ನುಣ್ಣಗೆ ಮಾಡಿದರೆ ಕೊಲಾಜಿನ ಹೊಲಿಗೆಯೇ ಮಾಯ.

ಅಮೆರಿಕದ ಜೋಸೆಫ್ ಕಾರ್ನೆಲ್ 1936ರಲ್ಲಿ ‘ಈಸ್ಟ್ ಆಫ್ ಬೋರ್ನಿಯೊ’ ಎಂಬ ಹಾಲಿವುಡ್ ಚಿತ್ರದ ರೀಲು ಕತ್ತರಿಸಿ ‘ರೋಸ್ ಹೋಬಾರ್ಟ್’ ಮಾಡಿದ. ಮಾತು ಕಿತ್ತುಹಾಕಿದ, ಮೂಕಿ ಚಿತ್ರದ ವೇಗಕ್ಕೆ ನಿಧಾನಿಸಿದ, ನೀಲಿ ಗಾಜಿನ ಮೂಲಕ ತೋರಿಸಿದ, ಜೊತೆಗೆ ಗ್ರಾಮಫೋನ್ ತಟ್ಟೆ ಹಾಕಿದ. ಕತ್ತರಿಯ ಜೊತೆಗೆ ವೇಗ, ಬಣ್ಣ, ಶಬ್ದ, ಈ ಮೂರೇ ಅವನ ಮುಖ್ಯ ಉಪಕರಣ.

ಪ್ರಶ್ನೆ: ಹಕ್ಕಿನ ತಕರಾರು ಬರುತ್ತದೆಯೇ? ಊರಲ್ಲಿ ಪ್ರದರ್ಶಿಸಬೇಕೆಂದಿದ್ದೇವೆ.
— ಓದುಗರು, ಸಕಲೇಶಪುರ

ಉತ್ತರ: 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ಬೇರೆ ಕರಾರು ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದ ಮದುವೆ ವಿಡಿಯೊ ತೆಗೆಸಿದವರದ್ದೇ, ಸ್ಟುಡಿಯೊದವರದ್ದಲ್ಲ. ಆದರೆ ಸ್ಟುಡಿಯೊದವರು ಅದಕ್ಕೆ ಹಾಕಿದ ಸಿನಿಮಾ ಹಾಡು ನಿಮ್ಮದಲ್ಲ, ಅದನ್ನು ತೆಗೆಯಿರಿ. ಸಿನಿಮಾ ತುಣುಕಿಗೆ ಬಿಡುಗಡೆಯ ಮರುವರ್ಷದಿಂದ 60 ವರ್ಷ ಹಕ್ಕು: 1960ರ ಚಿತ್ರ 2020ರ ಕೊನೆಗೆ ಮುಕ್ತ. ಹಾಡಿನ ಸಾಹಿತ್ಯ, ಸಂಗೀತದ ಲೆಕ್ಕವೇ ಬೇರೆ, ಕರ್ತೃ ತೀರಿಕೊಂಡ ಮೇಲೆ 60 ವರ್ಷ.

ಕಾನೂನಿಗಿಂತ ಮೊದಲು ಮನೆಯವರನ್ನು ಕೇಳಿ. ಬೇರೆಯಾದ ಜೋಡಿಯ ಧಾರೆ, ತೀರಿಕೊಂಡ ಮಗುವಿನ ಮುಖ ಪರದೆ ಮೇಲೆ ಬರುವುದು ಅವರಿಗೆ ಸಭೆಯಲ್ಲಿ ಕೂತಾಗ ಗೊತ್ತಾಗಬಾರದು.