ಬಿದ್ದದ್ದನ್ನು ಹೇಳದ ಸವಾರ: ಒಂದು ಆಪ್ತಸಲಹೆ ಪ್ರಕರಣ

ಮೊದಲು ಬಂದವರು ಮಗ. ಹಿರಿಯರ ಪ್ರಕರಣಗಳಲ್ಲಿ ಹೆಚ್ಚಾಗಿ ಹೀಗೇ ಆಗುತ್ತದೆ. ಕಷ್ಟದಲ್ಲಿರುವವರು ಮನೆಯಲ್ಲಿರುತ್ತಾರೆ, ದೂರು ಹೊತ್ತವರು ನನ್ನೆದುರು ಕುಳಿತಿರುತ್ತಾರೆ. “ಅಪ್ಪನಿಗೆ ಅರವತ್ತೆಂಟು. ಸಕ್ಕರೆ ಕಾಯಿಲೆ, ಎಡಮಂಡಿ ಸವೆದಿದೆ, ಕಣ್ಣಿಗೆ ಪೊರೆ ಬಂದಿದೆ. ಆದರೂ ಯೆಜ್ಡಿ ಬೈಕು ಬಿಡುವುದಿಲ್ಲ ಎನ್ನುತ್ತಾರೆ. ನೀವೊಂದು ಮಾತು ಹೇಳಿ ಒಪ್ಪಿಸಬೇಕು” ಎಂದರು. ಒಪ್ಪಿಸುವ ಗುತ್ತಿಗೆ ನಾನು ಹಿಡಿಯುವುದಿಲ್ಲ. ಅವರಿಗೆ ಮಾತನಾಡುವ ಮನಸ್ಸಿದ್ದರೆ ನಾನೇ ಮನೆಗೆ ಬರುತ್ತೇನೆ ಎಂದೆ.

ಈ ಬರಹಕ್ಕೆ ಮನೆಯವರೆಲ್ಲರ ಒಪ್ಪಿಗೆ ಇದೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ಇಲ್ಲಿ ‘ಹಿರಿಯರು’ ಎಂದಷ್ಟೇ ಕರೆಯುತ್ತೇನೆ.

ಹಿರಿಯರು ಪಶುಸಂಗೋಪನಾ ಇಲಾಖೆಯಲ್ಲಿ ಪರೀಕ್ಷಕರಾಗಿ ನಿವೃತ್ತರಾದವರು. ಕೆಲಸದ ಬಹುಪಾಲು ಹೆಗ್ಗಡದೇವನಕೋಟೆ ತಾಲ್ಲೂಕಿನ ಹಳ್ಳಿಗಳಲ್ಲಿ. ಹಸುಗಳ ಕೃತಕ ಗರ್ಭಧಾರಣೆಗೆ ಬೇಕಾದ ವೀರ್ಯದ ನಳಿಗೆಗಳನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಟ್ಟು, ಆ ಕ್ಯಾನನ್ನು ಗಾಡಿಗೆ ಕಟ್ಟಿಕೊಂಡು ಮಳೆಗಾಲದ ಕೆಸರಿನಲ್ಲೂ ಓಡಾಡಿದವರು. ಹಳ್ಳಿಯವರ ಬಾಯಲ್ಲಿ ಅವರು ‘ಡಾಕ್ಟ್ರು’. ಗಾಡಿ 1986ರಲ್ಲಿ ಹೊಸದಾಗಿ ಕೊಂಡ ಯೆಜ್ಡಿ ರೋಡ್‌ಕಿಂಗ್. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಗಾಡಿ ಮಾತ್ರ ಓಡುತ್ತಲೇ ಇತ್ತು. ಮೈಸೂರಿನಲ್ಲಿ ಆ ಗಾಡಿಯನ್ನು ಬರೀ ವಾಹನವೆಂದು ಯಾರೂ ನೋಡುವುದಿಲ್ಲ ಎಂಬುದನ್ನು ಹೊರಗಿನವರಿಗೆ ಹೇಳಬೇಕಾಗಬಹುದು, ನಮ್ಮ ಊರಿನವರಿಗೆ ಬೇಡ.

ಮಗ ಮಾಡಿದ್ದು ಇಷ್ಟು. ಕೀಲಿ ಬಚ್ಚಿಟ್ಟರೆ ಅಪ್ಪನ ಬಳಿ ಇನ್ನೊಂದಿರುತ್ತದೆ ಎಂದು ತಿಳಿದಿದ್ದ. ಆದ್ದರಿಂದ ಸರ್ವಿಸಿಗೆಂದು ಹೇಳಿ ಗಾಡಿಯನ್ನೇ ಪರಿಚಯದವರ ಗ್ಯಾರೇಜಿಗೆ ಸಾಗಿಸಿದ. ಕೇಳಿದಾಗಲೆಲ್ಲ “ಬಿಡಿಭಾಗ ಸಿಗುತ್ತಿಲ್ಲ ಅಪ್ಪ” ಎಂದ. ಮುಚ್ಚಿಹೋದ ಕಾರ್ಖಾನೆಯ ಗಾಡಿಗೆ ಈ ಸುಳ್ಳು ಚೆನ್ನಾಗಿಯೇ ಹೊಂದುತ್ತದೆ. ಆದರೆ ಆ ಗಾಡಿಯ ಪ್ರತಿಯೊಂದು ಬಿಡಿಭಾಗ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಬಲ್ಲವರ ಮುಂದೆ ಅದು ಎಷ್ಟು ದಿನ ನಿಂತೀತು? ಹಿರಿಯರಿಗೆ ಬೇಗನೆ ತಿಳಿಯಿತು. ಜಗಳವಾಡಲಿಲ್ಲ. ಮಗನೊಂದಿಗೆ ಮಾತು ನಿಲ್ಲಿಸಿದರು; ಕ್ಷೌರ ಮಾಡಿಕೊಳ್ಳುವುದನ್ನೂ ಸಂಜೆ ಹೊರಗೆ ಕೂರುವುದನ್ನೂ ಬಿಟ್ಟರು, ಹಗಲಿನಲ್ಲಿ ಮಲಗತೊಡಗಿದರು.

ನಾನು ಹೋದ ದಿನ ಅವರು ಕೇಳಿದ ಮೊದಲ ಪ್ರಶ್ನೆ, “ನೀವು ಗಾಡಿ ಓಡಿಸುತ್ತೀರೇನಮ್ಮಾ?”

“ಸ್ಕೂಟರ್ ಓಡಿಸುತ್ತೇನೆ ಸರ್.”

“ಅದು ಗಾಡಿಯಲ್ಲ ಬಿಡಿ.”

ಕಾಯಿಲೆಯ ಮಾತನ್ನು ನಾನು ಎತ್ತಲಿಲ್ಲ. ಗಾಡಿ ಇದ್ದಾಗ ವಾರ ಹೇಗೆ ಕಳೆಯುತ್ತಿತ್ತು ಎಂದು ಕೇಳಿದೆ. ಬೆಳಿಗ್ಗೆ ಹಳೆಯ ಸಹೋದ್ಯೋಗಿಗಳ ಜತೆ ಕಾಫಿ. ಹೆಂಡತಿಯನ್ನು ದೇವರಾಜ ಮಾರುಕಟ್ಟೆಗೆ ಕರೆದೊಯ್ಯುವುದು. ಪಂಚರ್ ಅಂಗಡಿಯ ಬೆಂಚಿನಲ್ಲಿ ಪತ್ರಿಕೆ. ವಾರಕ್ಕೊಮ್ಮೆ ಹಳೆಯ ಹಳ್ಳಿಗಳ ಕಡೆ ಹೋದರೆ ಯಾರಾದರೂ ಹಸುವಿನ ಹೊಟ್ಟೆಯಲ್ಲಿ ಕರು ತಿರುಗಿದ್ದನ್ನೋ ಕೆಚ್ಚಲು ಬಾವನ್ನೋ ತೋರಿಸಿ ಅಭಿಪ್ರಾಯ ಕೇಳುವುದು. ಹೇಳುತ್ತಾ ಹೋದಂತೆ ಅವರ ಬೆನ್ನು ನೆಟ್ಟಗಾಯಿತು. ಮಗ ಒಯ್ದಿದ್ದು ಒಂದು ಗಾಡಿ, ಅದರ ಹಿಂದೆ ಹೋದದ್ದು ಇಡೀ ವಾರ. ಕಾಫಿಗೆ ಆಟೋದಲ್ಲಿ ಹೋಗಬಹುದಲ್ಲ ಎಂದು ಸೊಸೆ ಹೇಳಿದ್ದರಂತೆ. ಹೋಗಬಹುದು. ಆದರೆ ಬರುವುದು ತಡವಾದರೆ, ನಡುವೆ ಇನ್ನೊಂದು ಕಡೆ ಹೋಗಬೇಕೆನಿಸಿದರೆ, ಪ್ರತಿಯೊಂದಕ್ಕೂ ಯಾರನ್ನಾದರೂ ಕೇಳಬೇಕು. ಮಗನಿಂದ ನೂರು ರೂಪಾಯಿ ಕೇಳದೆ ಬದುಕಿದ ಮನುಷ್ಯನಿಗೆ ಅದು ಹಿಡಿಸಲಿಲ್ಲ.

ಖಿನ್ನತೆ ಇದೆಯೇ ಎಂದು ತಿಳಿಯಲು ಹಿರಿಯರಿಗಾಗಿ ಬಳಸುವ 15 ಪ್ರಶ್ನೆಗಳ ಪಟ್ಟಿಯನ್ನು ಕೇಳಿದೆ. ಅಂಕ ಎಚ್ಚರಿಕೆಯ ಗೆರೆ ದಾಟಿತ್ತು. ಸಾಯಬೇಕೆನಿಸಿದ್ದುಂಟೆ ಎಂದು ನೇರವಾಗಿಯೇ ಕೇಳಿದೆ. ಇಂಥ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ತುಂಬಿದಂತಾಗುತ್ತದೆ ಎಂಬ ಹೆದರಿಕೆ ಮನೆಯವರಿಗೆ ಇರುತ್ತದೆ, ಅದು ಸರಿಯಲ್ಲ. “ಅಂಥದ್ದೇನೂ ಇಲ್ಲ, ಸುಮ್ಮನೆ ಕೂರುವುದು ಅಭ್ಯಾಸವಿಲ್ಲ ಅಷ್ಟೆ” ಎಂದರು. ಆದರೂ ಮನೋವೈದ್ಯರಿಗೆ ಒಮ್ಮೆ ತೋರಿಸಲು ಹೇಳಿ, ರಾತ್ರಿ ಹೊತ್ತಿನಲ್ಲಿ ಮನಸ್ಸು ಕೆಟ್ಟರೆ ಕರೆಯಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಸಿದೆ.

ಮುಂದಿನ ಭೇಟಿಗೆ ಒಂದು ಕಾಗದ ಒಯ್ದಿದ್ದೆ. ಚಾಲನಾ ಪರವಾನಗಿಗೆ ಅರ್ಜಿದಾರರು ತಮ್ಮ ದೇಹಸ್ಥಿತಿಯ ಬಗ್ಗೆ ತಾವೇ ಘೋಷಿಸಿ ಸಹಿ ಹಾಕುವ ನಮೂನೆ 1. ವಯಸ್ಸು 55 ದಾಟಿದ ಮೇಲೆ ಪರವಾನಗಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, 40 ದಾಟಿದವರು ವೈದ್ಯರಿಂದ ನಮೂನೆ 1-ಎ ಕೂಡ ತರಬೇಕು. ಹಿರಿಯರು ಎರಡನ್ನೂ ಕೊಟ್ಟೇ ನವೀಕರಿಸಿದ್ದರು. ಅದೇ ಪ್ರಶ್ನೆಗಳನ್ನು ಮತ್ತೆ ಓದೋಣ, ಉತ್ತರ ಯಾವ ಕಚೇರಿಗೂ ಹೋಗುವುದಿಲ್ಲ, ಮಗನಿಗೂ ಹೋಗುವುದಿಲ್ಲ ಎಂದೆ. ಎಚ್ಚರ ತಪ್ಪುವುದು, ತಲೆ ಸುತ್ತುವುದು ಉಂಟೆ? ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟನ್ನು ಪ್ರತಿ ಕಣ್ಣಿನಿಂದಲೂ ಓದಬಲ್ಲಿರಾ? ಇರುಳುಗಣ್ಣು ಉಂಟೆ?

ಅವರು ಬಹಳ ಹೊತ್ತು ಕಾಗದ ನೋಡಿದರು. ಆಮೇಲೆ ಒಂದೊಂದಾಗಿ ಹೊರಬಂತು.

ಬೋಗಾದಿ ಕಡೆಯ ಸಿಗ್ನಲ್ಲಿನಲ್ಲಿ ನಿಂತಿದ್ದಾಗಲೇ ಬಿದ್ದಿದ್ದರು. ಎಡಗಾಲು ನೆಲಕ್ಕೆ ಊರಿದೆ ಎಂದುಕೊಂಡಿದ್ದರು, ಊರಿರಲಿಲ್ಲ. ಪಾದ ನೆಲ ಮುಟ್ಟಿದ್ದು ತಿಳಿಯುವುದೇ ಇಲ್ಲ, ಹತ್ತಿಯ ಮೇಲೆ ಕಾಲಿಟ್ಟಂತೆ ಎಂದರು. ಬಲಗಾಲಿನ ಬ್ರೇಕನ್ನು ಎಷ್ಟು ಒತ್ತಿದ್ದೇನೆಂದು ಗಾಡಿ ನಿಧಾನವಾದ ಮೇಲೆಯೇ ಗೊತ್ತಾಗುತ್ತಿತ್ತು. ಯೆಜ್ಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್, ಅದೂ ಎಡಗಡೆ. ಸವೆದ ಮಂಡಿಯೂ ಎಡಗಾಲಿನದೇ. ಒದೆಯಲಾಗದೆ ಅವರು ಕೆಲವು ಕಾಲದಿಂದ ಗಾಡಿಯನ್ನು ಮನೆಯ ಮುಂದಿನ ಇಳಿಜಾರಿನಲ್ಲಿ ನಿಲ್ಲಿಸಿ, ಉರುಳಿಸಿಕೊಂಡು ಚಾಲೂ ಮಾಡುತ್ತಿದ್ದರು. ಅಲ್ಲಿ ನಿಲ್ಲಿಸುವುದು ನೆರಳಿಗಾಗಿ ಎಂದು ಮನೆಯವರು ತಿಳಿದಿದ್ದರು. ಸಂಜೆಯ ಮೇಲೆ ಎದುರಿನ ಹೆಡ್‌ಲೈಟ್ ಹರಡಿಕೊಂಡು ರಸ್ತೆಯೇ ಕಾಣುತ್ತಿರಲಿಲ್ಲ.

ಎಲ್ಲಕ್ಕಿಂತ ಗಂಭೀರವಾದದ್ದು ಮಾನಂದವಾಡಿ ರಸ್ತೆಯಲ್ಲಿ ನಡೆದಿತ್ತು. ಬೆಳಿಗ್ಗೆ ಸಕ್ಕರೆಯ ಮಾತ್ರೆ ನುಂಗಿ, ಹಳ್ಳಿಯಲ್ಲಿ ತಿಂದರಾಯಿತೆಂದು ಹೊರಟವರು ತಾವು ತಿರುಗಬೇಕಾದ ದಾರಿಯನ್ನು ದಾಟಿ ಬಹಳ ದೂರ ಹೋಗಿದ್ದರು. ನಡುವಿನ ದಾರಿಯ ನೆನಪಿಲ್ಲ. ಮೈಯೆಲ್ಲ ಬೆವರು, ಕೈ ನಡುಕ. ಹೇಗೋ ನಿಲ್ಲಿಸಿ, ಚಹಾ ಅಂಗಡಿಯವನು ಕೊಟ್ಟ ಸಿಹಿ ಚಹಾ ಕುಡಿದ ಮೇಲೆ ತಲೆ ತಿಳಿಯಾಯಿತು. ಮಾತ್ರೆ ನುಂಗಿ ಊಟ ತಪ್ಪಿಸಿದರೆ ಕೆಲವು ಮಾತ್ರೆಗಳು ರಕ್ತದ ಸಕ್ಕರೆಯನ್ನು 70ಕ್ಕಿಂತ ಕೆಳಗಿಳಿಸಿ ಹೀಗೆ ಮಾಡುತ್ತವೆ. ದನಗಳ ಕಾಯಿಲೆ ಬಲ್ಲ ಅವರಿಗೆ ಇದು ಗೊತ್ತಿಲ್ಲದೆ ಇರಲಿಲ್ಲ.

“ಡಾಕ್ಟರಿಗೆ ಹೇಳಲಿಲ್ಲವೇ?”

“ಅವರು ಪ್ರತಿ ಸಲ ಕೇಳುತ್ತಾರಮ್ಮ, ಬೆವರು ಬರುತ್ತದೆಯೇ, ತಲೆ ಸುತ್ತುತ್ತದೆಯೇ ಎಂದು. ಪಕ್ಕದಲ್ಲಿ ಮಗ ಕುಳಿತಿರುತ್ತಾನೆ. ಹೂಂ ಎಂದರೆ ಗಾಡಿ ಹೋಗುತ್ತದೆ.”

ಈ ಪ್ರಕರಣದ ಗಂಟು ಇಲ್ಲಿದೆ. ಮನೆಯಲ್ಲಿ ಎಲ್ಲರೂ ವಯಸ್ಸಿನ ಬಗ್ಗೆ ಮಾತನಾಡುತ್ತಿದ್ದರು, ಆದರೆ ಅಪಾಯವಿದ್ದದ್ದು ಮುಚ್ಚಿಟ್ಟ ಸಂಗತಿಗಳಲ್ಲಿ. ಕಾಯಿಲೆ ಹೇಳಿಕೊಂಡರೆ ಗಾಡಿ ಕಳೆದುಕೊಳ್ಳಬೇಕು ಎಂಬ ಲೆಕ್ಕ ಮನೆಯಲ್ಲಿ ಒಮ್ಮೆ ಬಿದ್ದಮೇಲೆ ಸವಾರ ಏನನ್ನೂ ಹೇಳುವುದಿಲ್ಲ. ಬದಲಿಸಬಹುದಾಗಿದ್ದ ಮಾತ್ರೆ ಬದಲಾಗುವುದಿಲ್ಲ, ತೆಗೆಸಬಹುದಾಗಿದ್ದ ಪೊರೆ ಹಾಗೇ ಉಳಿಯುತ್ತದೆ. ಮಗನ ಕಾಳಜಿ ನಿಜ. ಆದರೆ ಅದು ಸುಳ್ಳಿನ ರೂಪದಲ್ಲಿ ಬಂದಾಗ ತಂದೆಯ ಸುಳ್ಳಿಗೂ ಸಮರ್ಥನೆ ಸಿಕ್ಕಿಬಿಟ್ಟಿತು.

ಮಗನಿಗೆ ನಾನು ಕೊಟ್ಟ ಸಲಹೆ ಅವರಿಗೆ ರುಚಿಸಲಿಲ್ಲ. ಗಾಡಿಯನ್ನು ಗ್ಯಾರೇಜಿನಿಂದ ತಂದು ಮನೆಯ ಮುಂದೆ ನಿಲ್ಲಿಸಿ, ಸುಳ್ಳು ಹೇಳಿದ್ದನ್ನು ಒಪ್ಪಿಕೊಳ್ಳಿ ಎಂದೆ. “ಓಡಿಸಿಬಿಟ್ಟರೆ?” ಎಂದರು. ವೈದ್ಯರು ನೋಡುವವರೆಗೆ ರಸ್ತೆಗೆ ಇಳಿಸುವುದಿಲ್ಲ ಎಂದು ಹಿರಿಯರು ನನಗೆ ಮಾತು ಕೊಟ್ಟಿದ್ದರು. ಅದು ಅವರೇ ಹೇಳಿದ ಷರತ್ತು, ನಾನು ಹಾಕಿದ್ದಲ್ಲ. ಇನ್ನೊಂದು ಮಾತನ್ನೂ ಮಗನಿಂದ ಪಡೆದೆ: ಅಪ್ಪ ತಾವಾಗಿ ಹೇಳಿಕೊಂಡ ಯಾವುದೇ ತೊಂದರೆಗೆ ಶಿಕ್ಷೆಯಾಗಿ ಗಾಡಿ ಕಿತ್ತುಕೊಳ್ಳುವುದಿಲ್ಲ. ಆಸ್ಪತ್ರೆಯಲ್ಲಿ ಅಪ್ಪ ಒಬ್ಬರೇ ವೈದ್ಯರೊಡನೆ ಮಾತನಾಡಲಿ, ನೀವು ಹೊರಗೆ ಕೂತಿರಿ ಎಂದೂ ಹೇಳಿದೆ.

ಹಿರಿಯರ ಹೆಂಡತಿಯನ್ನು ಅಲ್ಲಿಯವರೆಗೆ ಯಾರೂ ಏನೂ ಕೇಳಿರಲಿಲ್ಲ. ಮದುವೆಯಾದಂದಿನಿಂದ ಹಿಂದಿನ ಸೀಟಿನಲ್ಲಿ ಕುಳಿತವರು ಅವರು. “ಇವರು ಗಾಡಿ ಬಿಡಲಿ ಎಂದು ನಾನು ಹೇಳಿಲ್ಲ. ನನ್ನನ್ನು ಕೂರಿಸಿಕೊಳ್ಳುವುದು ಬಿಡಲಿ. ನನಗೆ ಈಗ ಬಸ್ಸೇ ಆರಾಮ” ಎಂದರು. ಶಕ್ತಿ ಯೋಜನೆ ಬಂದ 2023ರಿಂದ ಅವರಿಗೆ ಬಸ್ಸಿನಲ್ಲಿ ದುಡ್ಡಿಲ್ಲ, ಗಂಡನಿಗೆ ಹಿರಿಯ ನಾಗರಿಕರ ಶೇ. 25ರ ರಿಯಾಯಿತಿ ಮಾತ್ರ. ಇದನ್ನು ಅವರು ತುಸು ಹೆಮ್ಮೆಯಿಂದಲೇ ಹೇಳಿದರು. ಹೆಂಡತಿಗೆ ಬಸ್ಸೇ ಆರಾಮ ಎಂಬುದು ಹಿರಿಯರಿಗೆ ಹೊಸ ಸುದ್ದಿ. ಹೆಂಡತಿಗಾಗಿಯಾದರೂ ಗಾಡಿ ಬೇಕು ಎಂಬ ಅವರ ಮುಖ್ಯ ವಾದವೇ ಬಿದ್ದುಹೋಯಿತು.

ವೈದ್ಯಕೀಯ ಭಾಗವನ್ನು ಚುಟುಕಾಗಿ ಹೇಳುತ್ತೇನೆ, ಅದು ನನ್ನ ಕ್ಷೇತ್ರವಲ್ಲ. ವೈದ್ಯರು ತೆಳುವಾದ ನೈಲಾನ್ ಎಳೆಯಿಂದಲೂ ಶ್ರುತಿ ಕವೆಯಿಂದಲೂ (ಟ್ಯೂನಿಂಗ್ ಫೋರ್ಕ್) ಪಾದಗಳ ಸ್ಪರ್ಶ ಪರೀಕ್ಷಿಸಿದರು. ಸಕ್ಕರೆ ಕಾಯಿಲೆಯಿಂದ ನರಗಳು ದುರ್ಬಲವಾಗಿದ್ದವು. ಹೋದ ಸ್ಪರ್ಶ ಪೂರ್ತಿ ಮರಳುವ ಭರವಸೆ ಕೊಡಲಿಲ್ಲ. ಮಾತ್ರೆ ಬದಲಿಸಿದರು. ಪೊರೆಯ ಶಸ್ತ್ರಚಿಕಿತ್ಸೆ ಆಯಿತು, ಮಂಡಿಗೆ ಫಿಸಿಯೋಥೆರಪಿ ಶುರುವಾಯಿತು. ಯಾರು ಗಾಡಿ ಓಡಿಸಲು ಯೋಗ್ಯರು ಎಂದು ಆಪ್ತಸಲಹೆಗಾರರು ಹೇಳಬಾರದು. ನಾನು ಹೇಳಲೂ ಇಲ್ಲ.

ಕಣ್ಣು ಗುಣವಾದ ಮೇಲೆ, ವೈದ್ಯರ ಅನುಮತಿ ಪಡೆದು, ಹಿರಿಯರು ತಮಗೆ ತಾವೇ ಒಂದು ಪರೀಕ್ಷೆ ಗೊತ್ತು ಮಾಡಿಕೊಂಡರು. ಖಾಲಿ ಮೈದಾನದಲ್ಲಿ, ಮಗನ ಎದುರು: ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ ಇಳಿಸುವುದು, ಒದ್ದು ಚಾಲೂ ಮಾಡುವುದು, ನಿಧಾನವಾಗಿ ಎಂಟರ ಆಕಾರದಲ್ಲಿ ತಿರುಗಿಸುವುದು, ಕೂಗಿದ ಕೂಡಲೇ ನಿಲ್ಲಿಸಿ ಕಾಲೂರುವುದು. ಏನಾದರೆ ನಿಲ್ಲಿಸುತ್ತೀರಿ ಎಂಬುದನ್ನು ಮೊದಲೇ ಬರೆದಿಡಿ ಎಂದಷ್ಟು ನಾನು ಕೇಳಿಕೊಂಡೆ. ಫಲಿತಾಂಶ ಬಂದ ಮೇಲೆ ಎಲ್ಲರಿಗೂ ನೆಪ ಸಿಗುತ್ತದೆ. ಅವರು ಬರೆದರು: “ಒಮ್ಮೆ ವಾಲಿದರೂ ಯೆಜ್ಡಿ ರಸ್ತೆಗಿಲ್ಲ.” 130 ಕಿಲೋಗೂ ಮೀರಿದ ಗಾಡಿ. ಎಂಟರ ತಿರುವು ಮಗನಿಗಿಂತ ಚೆನ್ನಾಗಿ ಬಂತು. ನಿಲ್ಲಿಸುವಾಗ ವಾಲಿತು, ಮಗ ಹಿಡಿದ.

ಮಗ ಒಂದು ಮಾತೂ ಆಡಲಿಲ್ಲವಂತೆ. ಅದು ಒಳ್ಳೆಯದಾಯಿತು.

ಮುಂದಿನ ದಿನಗಳು ಸಲೀಸಾಗಿರಲಿಲ್ಲ. ಸೋತದ್ದು ಅವರದೇ ಪರೀಕ್ಷೆಯಲ್ಲಿ ಎಂಬುದು ನೋವನ್ನು ಕಡಿಮೆ ಮಾಡುವುದಿಲ್ಲ, ಸಿಟ್ಟನ್ನು ಮಾತ್ರ ಕಡಿಮೆ ಮಾಡುತ್ತದೆ. ಪಕ್ಕದ ಚಕ್ರ ಹಾಕಿಸುವ ಮಾತನ್ನು ಸೊಸೆ ಎತ್ತಿದಾಗ ಎದ್ದು ಹೋದರು. ಗೇರಿಲ್ಲದ ಸ್ಕೂಟರಿನ ಮಾತನ್ನು ನಾನು ಸವಾರಿಯ ಲೆಕ್ಕದಲ್ಲಿ ಎತ್ತಿದೆ. ಎರಡು ಬ್ರೇಕೂ ಕೈಯಲ್ಲಿವೆ, ಪಾದದ ಅಂದಾಜು ಬೇಡ. ಗುಂಡಿ ಒತ್ತಿದರೆ ಚಾಲೂ, ಎಡಮಂಡಿಗೆ ಕೆಲಸವಿಲ್ಲ. ಸೀಟು ತಗ್ಗಿನದು, ಎರಡೂ ಪಾದ ಚಪ್ಪಟೆಯಾಗಿ ನೆಲಕ್ಕೆ ಸಿಗುತ್ತವೆ. ಕೊನೆಗೆ ಒಪ್ಪಿದರು, ಆದರೆ ಮೊದಲು ವೈದ್ಯರನ್ನು ಕೇಳಿಕೊಂಡು, ಮೈದಾನದಲ್ಲಿ ಅದೇ ಪರೀಕ್ಷೆ ಪಾಸು ಮಾಡಿದ ಮೇಲೆಯೇ.

ನೌಕರಿಯಲ್ಲಿದ್ದಾಗ ತಿಂಗಳಿಗೊಮ್ಮೆ ಟೂರ್ ಡೈರಿ ಬರೆದು ಒಪ್ಪಿಸುವುದು ಅವರ ಅಭ್ಯಾಸವಾಗಿತ್ತು. ಅದನ್ನೇ ಮತ್ತೆ ಶುರು ಮಾಡಿ ಎಂದೆ. ಈಗ ಹೊರಡುವ ಮೊದಲು ಬೆರಳು ಚುಚ್ಚಿ ನೋಡಿದ ಸಕ್ಕರೆಯ ಅಂಕ, ತಿಂಡಿ ತಿಂದ ಹೊತ್ತು, ಹೋಗುವ ಜಾಗ, ಮರಳುವ ಸಮಯ ಎಲ್ಲ ಅದರಲ್ಲಿ ಬೀಳುತ್ತದೆ. ಕತ್ತಲಾದ ಮೇಲೆ ಸವಾರಿ ಇಲ್ಲ, ಮೊಮ್ಮಕ್ಕಳನ್ನು ಕೂರಿಸುವುದಿಲ್ಲ, ಚಪ್ಪಲಿಯಲ್ಲಿ ಓಡಿಸುವುದಿಲ್ಲ, ಜೇಬಿನಲ್ಲಿ ಗ್ಲೂಕೋಸ್. ಸ್ಪರ್ಶವಿಲ್ಲದ ಪಾದಕ್ಕೆ ಸೈಲೆನ್ಸರ್ ಸುಟ್ಟರೂ ತಿಳಿಯುವುದಿಲ್ಲವಾದ್ದರಿಂದ ರಾತ್ರಿ ಅಂಗಾಲು, ಬೆರಳ ಸಂದು ನೋಡಿಕೊಳ್ಳುವುದು. ಈ ಕೆಲಸವನ್ನು ಹೆಂಡತಿ ವಹಿಸಿಕೊಂಡಿದ್ದಾರೆ. ಹೆಗ್ಗಡದೇವನಕೋಟೆಗೆ ಬಸ್ಸು, ಅಲ್ಲಿಂದ ಯಾರಾದರೂ ಬಂದು ಕರೆದೊಯ್ಯುತ್ತಾರೆ. ಹಸು ತೋರಿಸುವವರು, ‘ಡಾಕ್ಟ್ರು’ ಗಾಡಿಯ ಮೇಲೆ ಬಂದರೋ ಬಸ್ಸಿನಲ್ಲಿ ಬಂದರೋ ಎಂದು ನೋಡುವುದಿಲ್ಲ ಎಂಬುದು ಅವರಿಗೆ ಹೋಗಿಬಂದ ಮೇಲೆಯೇ ಗೊತ್ತಾಯಿತು.

ಮಳೆಗಾಲದಲ್ಲಿ ಒಮ್ಮೆ ಗೇಟಿನ ಬಳಿ ಸ್ಕೂಟರಿನ ಜತೆ ಜಾರಿದರು. ಅದನ್ನು ಅವತ್ತೇ ಮಗನಿಗೆ ಹೇಳಿದರು, ಡೈರಿಯಲ್ಲೂ ಬರೆದರು. ಮಗ ಗೇಟಿನ ಮುಂದಿನ ಪಾಚಿ ಉಜ್ಜಿಸಿದರು, ಅಷ್ಟೇ.

ಯೆಜ್ಡಿಯ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಹದಿನೈದು ವರ್ಷದ ಮೇಲೆ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 2026ರಲ್ಲಿ ಮತ್ತೆ ಆ ಸರದಿ. ಓಡಿಸದ ಗಾಡಿಗೆ ಅದೇಕೆ ಎಂದು ಮಗ, ನೋಂದಣಿ ಇಲ್ಲದ ಗಾಡಿ ಗುಜರಿಗೆ ಸಮ ಎಂದು ತಂದೆ. ಒಳ್ಳೆಯ ಬೆಲೆ ಕೊಡುವವರಿದ್ದಾರೆ, ಮಾರಬಹುದು ಎಂದು ಸೊಸೆ. ನನ್ನನ್ನು ಮಧ್ಯಸ್ಥಿಕೆಗೆ ಕರೆದರು. ಇದಕ್ಕೆ ಸಲಹೆಗಾರರು ಬೇಡ, ನೀವೇ ಕೂತು ಜಗಳವಾಡಿ ಎಂದು ಹೇಳಿ ಪ್ರಕರಣ ಮುಗಿಸಿದೆ.